ಕಪೆರ್ನೌಮಿನ ಬಿಳಿ ಸಿನಗಾಗ್: ಒಳಗೆ ಬಂದವರು ವಾಪಸ್ ತಿರುಗಬೇಕು
ಹಿಂದೆ ಕಾಣ್ತಿರೋದು ಗಲಿಲಾಯ ಸರೋವರ, ನಾವಿರೋದು ಅದರ ಉತ್ತರ ದಂಡೆ, ಇಸ್ರೇಲಿನ ಕಪೆರ್ನೌಮ್ ಅನ್ನೋ ಹಳೇ ಊರು. ಎದುರಿಗಿರೋದು ಅಲ್ಲಿನ ಪಾಳುಬಿದ್ದ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ. ಸುತ್ತಲಿನ ಮನೆಗೋಡೆ ಪೂರ್ತಿ ಇಲ್ಲೇ ಸಿಗೋ ಕರಿ ಬಸಾಲ್ಟ್. ಇದೊಂದೇ ಬಿಳಿ ಸುಣ್ಣಕಲ್ಲು, ಹೊರಗಿಂದ ಸಾಗಿಸಿದ್ದು. ಬಿಳಿಗೆ ಎಕ್ಸ್‌ಪೋಷರ್ ಇಟ್ರೆ ಕರಿಕಲ್ಲು ಮಸಿಯಾಗುತ್ತೆ, ಸ್ವಲ್ಪ ಸಹಿಸ್ಕೊಳ್ಳಿ.

ಈಗ ಮುಂಭಾಗದ ಬಾಗಿಲು. ಮೂರೂ ದಕ್ಷಿಣಕ್ಕೆ, ಅಂದ್ರೆ ಜೆರುಸಲೇಮ್ ದಿಕ್ಕಿಗೆ. ಪ್ರಾರ್ಥನೆಗೆ ಮುಖ ಮಾಡಬೇಕಾದದ್ದೂ ಅದೇ ದಿಕ್ಕಿಗೆ! ಹಾಗಾಗಿ ಒಳಗೆ ಬಂದವರು ಪೂರ್ತಿ ತಿರುಗಿ, ತಾವು ಬಂದ ಬಾಗಿಲನ್ನೇ ನೋಡ್ತಾ ನಿಲ್ಬೇಕು. ತಡವಾಗಿ ಬಂದವರು ಎಲ್ಲರ ಮುಖದೆದುರೇ ಒಳಗೆ ಬರ್ಬೇಕು. ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿ ಇಡೋ ಪೆಟ್ಟಿಗೆಗೂ ಆ ಗೋಡೇಲಿ ಬಾಗಿಲ ನಡುವಿನ ತುಂಡು ಜಾಗ ಬಿಟ್ರೆ ಬೇರೆ ಇಲ್ಲ. ಶುದ್ಧ ತಪ್ಪು ಪ್ಲಾನು. 6ನೇ ಶತಮಾನದ ಬೇತ್ ಆಲ್ಫಾ ಅನ್ನೋ ಇನ್ನೊಂದು ಸಿನಗಾಗಲ್ಲಿ ಬಾಗಿಲು ಉತ್ತರಕ್ಕೆ ಹೋಯ್ತು, ದಕ್ಷಿಣದ ಗೋಡೇಲಿ ಪೆಟ್ಟಿಗೆಗೇ ಅಂತ ಅರೆವೃತ್ತದ ಗೂಡು ಬಂತು. ಮುಗೀತು ತಕರಾರು.

ಆದ್ರೆ ಒಂದ್ನಿಮಿಷ, ಇಲ್ಲಿಂದ ನೋಡಿ: ಸರೋವರ ಇರೋದೂ ದಕ್ಷಿಣಕ್ಕೇ. ಎತ್ತರದ ಕಟ್ಟೆ, ಬಿಳಿ ಮುಂಭಾಗ, ಎದುರಿಗೆ ನೀರು. ಸರಿ, ಈ ನೋಟಕ್ಕೋಸ್ಕರ ತಪ್ಪು ಅಂದದ್ದು ಅರ್ಧ ವಾಪಸ್.

ಒಳಗೆ ಕಂಬಸಾಲು ಮೂರೇ ಕಡೆ: ಪೂರ್ವ, ಪಶ್ಚಿಮ, ಉತ್ತರ. ಸಾಲು ಸೇರೋ ಮೂಲೆಯ ಕಂಬಾನ ಮೇಲಿಂದ ನೋಡಿದ್ರೆ ಹೃದಯದ ಆಕಾರ. ಪ್ರೀತಿಗೀತಿ ಏನಿಲ್ಲ, ಎರಡು ಅರ್ಧಕಂಬ ಒಂದೇ ಕಲ್ಲಲ್ಲಿ ಕೂಡಿವೆ, ಯಾವ ಸಾಲಿಂದ ನೋಡಿದ್ರೂ ದುಂಡಗೇ ಕಾಣ್ಲಿ ಅಂತ. ಬೋದಿಗೆ, ಅಂದ್ರೆ ಕಂಬದ ತಲೆ, ಕೊರಿಂಥಿಯನ್: ಎಲೆ ಕೆತ್ತಿದ ಗ್ರೀಕ್ ಶೈಲಿ. ಒಂದರಲ್ಲಿ ಏಳು ಕವಲಿನ ಮೆನೋರಾ ದೀಪಸ್ತಂಭ, ಪಕ್ಕದಲ್ಲಿ ಊದೋ ಶೋಫಾರ್ ಕೊಂಬು ಇದೆ, ಝೂಮ್ ಮಾಡ್ತೀನಿ. ಗೋಡೆ ಪಕ್ಕದ ಕಲ್ಲುಜಗಲಿ ಕೂರೋಕೆ.

"ಯೇಸು ಇದೇ ಕಟ್ಟಡದಲ್ಲಿ ಬೋಧಿಸಿದ್ದು" ಅಂತ ಗೈಡು ಹೇಳಿದ್ರೆ ನಂಬ್ಬೇಡಿ. ಕೆತ್ತನೆ ಶೈಲಿ ನೋಡಿ ಮೊದಲು 2-3ನೇ ಶತಮಾನ ಅಂತಿದ್ರು. 1968ರಿಂದ ಕೊರ್ಬೊ, ಲೊಫ್ರೆಡಾ ಅನ್ನೋ ಫ್ರಾನ್ಸಿಸ್ಕನ್ ಪಾದ್ರಿಗಳು ಹಾಸುಗಲ್ಲಿನ ಕೆಳಗೆ ಅಗೆದ್ರು. ಸಾವಿರಾರು ನಾಣ್ಯ! 4-5ನೇ ಶತಮಾನದವೂ ಇದ್ವು. ಆಮೇಲೆ ನೆಲ ರಿಪೇರಿ ಮಾಡಿದಾಗ ಬಿದ್ದಿರಬಹುದು ಅಂತ 2-3ನೇ ಶತಮಾನದ ಪಕ್ಷದವರ ವಾದ. ಗಾರೆ ಪದರ ಒಡೆಯದೇ ಮುಚ್ಚಿತ್ತು ಅಂತ ಅಗೆದವರ ಉತ್ತರ. ಗಾರೆ ಮುಚ್ಚಿದ್ಮೇಲೆ ಕೆಳಗಿನ ನಾಣ್ಯಕ್ಕಿಂತ ಹಳೇ ನೆಲ ಹೇಗಾಗುತ್ತೆ? ನಾನಂತೂ ನಾಣ್ಯದ ಪಕ್ಷ.

ಬುಡದಲ್ಲಿ ಕಾಣೋ ಈ ಕರಿಗೋಡೆ 1ನೇ ಶತಮಾನದ ಸಿನಗಾಗಿಂದು ಅಂತ ಅಗೆದವರ ಅಭಿಪ್ರಾಯ, ಬರೀ ಅಡಿಪಾಯ ಅನ್ನೋರೂ ಇದ್ದಾರೆ. ಅಯ್ಯೋ, ಶಾಟ್ ಮುಗೀತಾ ಬಂತು, ಪೂರ್ವದ ಅಂಗಳ ಇನ್ನೂ ಬಾಕಿ, ಬನ್ನಿ ಬನ್ನಿ.