ರದ್ದಾದ ಸಂಜೆಯ ಲೆಕ್ಕ

ಕೇಳುಗರೇ, ನಮಸ್ಕಾರ.

ಗಾಯಕರ ಗಂಟಲು ಕೆಟ್ಟು ಕಾರ್ಯಕ್ರಮ ನಿಂತರೆ ಅಭಿಮಾನಿಗಳು ಮರುಗುತ್ತಾರೆ, ಬೇಗ ಗುಣವಾಗಲಿ ಎಂದು ಹಾರೈಸುತ್ತಾರೆ. ಬಿರುಗಾಳಿಗೆ ವೇದಿಕೆ ಬೀಳುವ ಭಯವಿದ್ದರೆ ಅದನ್ನೂ ಒಪ್ಪಿಕೊಳ್ಳುತ್ತಾರೆ. ಆದರೆ ರಾಕ್ ತಂಡವೊಂದು ದುಡ್ಡಿನ ಕಾರಣಕ್ಕೆ ಕಾರ್ಯಕ್ರಮ ಕೈಬಿಟ್ಟಾಗ ಆಗುವ ನೋವೇ ಬೇರೆ. ನಮಗಾಗಿ ಹಾಡುತ್ತಾರೆ ಎಂದು ನಂಬಿದ್ದವರು ನಮ್ಮನ್ನು ಲಾಭ ನಷ್ಟದ ಲೆಕ್ಕಕ್ಕೆ ಇಟ್ಟರಲ್ಲ ಎಂಬ ನೋವು ಅದು.

1998ರಲ್ಲಿ ಬ್ರಿಟನ್ನಿನಲ್ಲಿ ನಡೆದದ್ದನ್ನು ನೋಡಿ. ರೋಲಿಂಗ್ ಸ್ಟೋನ್ಸ್ ತಂಡ ಆಗ ವಿಶ್ವ ಪ್ರವಾಸದಲ್ಲಿತ್ತು. ತವರಿನಲ್ಲೂ ನಾಲ್ಕು ಕಾರ್ಯಕ್ರಮ ಗೊತ್ತಾಗಿ, ಟಿಕೆಟ್‌ಗಳು ಮಾರಾಟವಾಗಿದ್ದವು. ಅಷ್ಟರಲ್ಲಿ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಸರ್ಕಾರ ಒಂದು ತೆರಿಗೆ ವಿನಾಯಿತಿಯನ್ನು ತೆಗೆದುಹಾಕಿತು. ವರ್ಷದ ಬಹುಪಾಲು ಹೊರದೇಶದಲ್ಲಿ ದುಡಿಯುವ ಬ್ರಿಟಿಷರಿಗೆ ಅಲ್ಲಿನ ಗಳಿಕೆಯ ಮೇಲೆ ಸಿಗುತ್ತಿದ್ದ ವಿನಾಯಿತಿ ಅದು. ತವರಿನಲ್ಲಿ ಹಾಡಿದರೆ ಪ್ರವಾಸದ ಗಳಿಕೆಗೆ ತೆರಿಗೆ ಬಿದ್ದು ಸುಮಾರು 1.2 ಕೋಟಿ ಪೌಂಡ್ ಕೈಬಿಡುತ್ತದೆ ಎಂದು ತಂಡ ಹೇಳಿತು. ನಾಲ್ಕೂ ಕಾರ್ಯಕ್ರಮ ಮುಂದಕ್ಕೆ ಹೋದವು. ಜಗತ್ತಿನ ಅತಿ ಶ್ರೀಮಂತ ತಂಡಗಳಲ್ಲೊಂದು ತೆರಿಗೆ ತಪ್ಪಿಸಲು ತನ್ನದೇ ಜನರನ್ನು ಬಿಟ್ಟಿತು ಎಂಬ ಸಿಟ್ಟು ನ್ಯಾಯವಾದದ್ದೇ. ಆದರೂ ತಂಡ ಕಾರಣವನ್ನು ಮುಚ್ಚಿಡಲಿಲ್ಲ. 1999ರ ಜೂನ್‌ನಲ್ಲಿ ಬಂದು ಹಾಡಿಯೂ ಹಾಡಿತು.

ಎಲ್ಲ ತಂಡಗಳ ಲೆಕ್ಕವೂ ಇಷ್ಟು ದೊಡ್ಡದಲ್ಲ. ಪ್ರವಾಸ ಹೊರಟ ತಂಡದ ಜೊತೆಗೆ ಧ್ವನಿ ನೋಡಿಕೊಳ್ಳುವವರು, ಬೆಳಕಿನವರು, ವಾದ್ಯ ಸರಿಪಡಿಸುವವರು, ಚಾಲಕರು ಹೊರಡುತ್ತಾರೆ. ಬಸ್ಸು, ಲಾರಿ, ವಿಮಾನದಲ್ಲಿ ಹೋಗುವ ಸಾಮಾನಿನ ಬಾಡಿಗೆ, ವೀಸಾ, ಹೋಟೆಲು, ವಿಮೆ, ಇವಕ್ಕೆಲ್ಲ ಮೊದಲ ಹಾಡಿಗೆ ಮುಂಚೆಯೇ ಹಣ ಸುರಿಯಬೇಕು. ಆಯೋಜಕರು ಕೊಡುವ ಮುಂಗಡ ಇದಕ್ಕೆ ಸಾಲದೆ ಹೋಗುವುದು ಸಾಮಾನ್ಯ. ಟಿಕೆಟ್ ಮಾರಾಟ ಕಡಿಮೆಯಾಯಿತು ಎಂಬ ಕಾರಣಕ್ಕೆ ರದ್ದು ಮಾಡಿದರೆ ಸಾಮಾನ್ಯ ವಿಮೆಯಿಂದ ಬಿಡಿಗಾಸೂ ಬರುವುದಿಲ್ಲ.

2022ರಲ್ಲಿ ಅಮೆರಿಕದ ಅನಿಮಲ್ ಕಲೆಕ್ಟಿವ್ ತಂಡ ತನ್ನ ಯುರೋಪ್ ಪ್ರವಾಸವನ್ನು ರದ್ದುಮಾಡಿತು. ಬೆಲೆಯೇರಿಕೆ, ಹಣದ ಮೌಲ್ಯದ ಕುಸಿತ, ಸಾಗಣೆಯ ಖರ್ಚು, ಮೂರನ್ನೂ ಹೆಸರಿಸಿ ಹೇಳಿತು. ಎಲ್ಲ ಅಂದುಕೊಂಡಂತೆ ನಡೆದರೂ ನಷ್ಟವೇ ಎಂದು ಒಪ್ಪಿಕೊಂಡಿತು. ಆ ವರ್ಷ ಯೂರೋ ಬೆಲೆ ಡಾಲರಿಗಿಂತ ಕೆಳಗಿಳಿದಿತ್ತು. ಯೂರೋದಲ್ಲಿ ದುಡಿದು ಡಾಲರಿನಲ್ಲಿ ಸಂಬಳ ಕೊಡುವವರ ಪಾಡು ಏನೆಂದು ಊಹಿಸಬಹುದು. ನಷ್ಟ ಮಾಡಿಕೊಂಡಾದರೂ ಬನ್ನಿ ಎಂದು ಕೇಳುವ ಹಕ್ಕು ನಮಗಿದೆಯೇ? ಇಲ್ಲ ಎಂದೇ ನನ್ನ ಅನಿಸಿಕೆ.

ಹಣದ ವಿಷಯಕ್ಕೆ ಕಾರ್ಯಕ್ರಮ ಬಿಟ್ಟವರಲ್ಲಿ ಪರ್ಲ್ ಜ್ಯಾಮ್ ತಂಡದ ಕತೆ ಬೇರೆಯೇ. 1994ರಲ್ಲಿ ಅವರು ಟಿಕೆಟ್ ಮಾರುವ ದೈತ್ಯ ಸಂಸ್ಥೆ ಟಿಕೆಟ್‌ಮಾಸ್ಟರ್ ಜೊತೆ ಜಗಳಕ್ಕೆ ನಿಂತರು. ಸೇವಾ ಶುಲ್ಕ ಸೇರಿ ಟಿಕೆಟ್ 20 ಡಾಲರ್ ದಾಟಬಾರದು ಎಂಬುದು ಅವರ ಹಟ. ಸಂಸ್ಥೆ ಒಪ್ಪಲಿಲ್ಲ, ಆ ಬೇಸಿಗೆಯ ಪ್ರವಾಸವೇ ನಿಂತಿತು. ತಂಡದ ಇಬ್ಬರು ಅಮೆರಿಕದ ಸಂಸತ್ತಿನ ಸಮಿತಿಯೆದುರು ಹೋಗಿ ಸಾಕ್ಷಿ ಹೇಳಿದರು. 1995ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಟಿಕೆಟ್‌ಮಾಸ್ಟರ್ ಮೇಲೆ ನಡೆಸುತ್ತಿದ್ದ ತನಿಖೆಯನ್ನು ಮುಚ್ಚಿಬಿಟ್ಟಿತು. ಅವರು ಗೆಲ್ಲಲಿಲ್ಲ. ಅಭಿಮಾನಿಗಳಿಗೆ ಆ ಬೇಸಿಗೆಯ ಹಾಡು ತಪ್ಪಿತು, ನಿಜ. ಆದರೆ ತಮ್ಮ ಜೇಬಿನ ಪರವಾಗಿ ಯಾರೋ ನಿಂತರು ಎಂದು ಅವರಿಗೆ ಗೊತ್ತಿತ್ತು.

ನನಗೆ ನಿಜವಾಗಿ ಸಹಿಸಲಾಗದ್ದು ಮೌನ. 2024ರಲ್ಲಿ ಬ್ಲ್ಯಾಕ್ ಕೀಸ್ ತಂಡದ ಉತ್ತರ ಅಮೆರಿಕ ಪ್ರವಾಸದ ದಿನಾಂಕಗಳು ಟಿಕೆಟ್ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾದವು. ಹೇಳಿಕೆ ಬಂದದ್ದು ಆಮೇಲೆ. ಅಷ್ಟರೊಳಗೆ ಟಿಕೆಟ್ ಕೊಂಡವರು ಒಬ್ಬರನ್ನೊಬ್ಬರು ಕೇಳುತ್ತಾ, ಊಹಿಸುತ್ತಾ ಕೂತಿದ್ದರು.

ಟಿಕೆಟ್ ಕೊಂಡವರ ಕಡೆಯ ಲೆಕ್ಕವನ್ನೂ ಸ್ವಲ್ಪ ನೋಡೋಣ. ಮಾರಾಟ ಶುರುವಾಗುವ ಹೊತ್ತಿಗೆ ಫೋನ್ ಹಿಡಿದು ಕೂತು, ಸರದಿಯಲ್ಲಿ ಕಾದು, ಕೊನೆಗೊಂದು ಟಿಕೆಟ್ ಸಿಕ್ಕ ಹುಡುಗಿಯನ್ನು ನೆನೆಯಿರಿ. ಕೆಲಸಕ್ಕೆ ರಜೆ ಹಾಕಿದ್ದಾಳೆ, ರೈಲಿಗೂ ಹೋಟೆಲಿಗೂ ಹಣ ಕಟ್ಟಿದ್ದಾಳೆ. ತಂಡ ಹಿಂದಿನ ಊರುಗಳಲ್ಲಿ ಯಾವ ಹಾಡಿನ ನಂತರ ಯಾವುದನ್ನು ಹಾಡಿತೆಂದು ಬಾಯಿಪಾಠ ಮಾಡಿದ್ದಾಳೆ. ರಾತ್ರಿ ರೈಲಿನಲ್ಲಿರುವಾಗ ಸಂದೇಶ ಬರುತ್ತದೆ: ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮ ರದ್ದಾಗಿದೆ, ಹಣ ವಾಪಸ್ ಬರುತ್ತದೆ. ಬರುವುದು ಟಿಕೆಟಿನ ಬೆಲೆ ಮಾತ್ರ. ಬುಕಿಂಗ್ ಶುಲ್ಕ ಎಷ್ಟೋ ಸಲ ಅಲ್ಲೇ ಉಳಿಯುತ್ತದೆ. ರೈಲು, ಹೋಟೆಲಿನ ಹಣ ಏನಾಯಿತೆಂದು ಯಾರೂ ಕೇಳುವುದಿಲ್ಲ. ಅವಳು ಇನ್ನೂ ಅದೇ ರೈಲಿನಲ್ಲಿದ್ದಾಳೆ, ಮುಂದಿನ ನಿಲ್ದಾಣದಲ್ಲಿ ಇಳಿಯುವುದೋ ಬೇಡವೋ ಎಂದು ಯೋಚಿಸುತ್ತಾ.

ಇಂಥವರಿಗೆ ಅಭಿಮಾನ ಅತಿಯಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಷ್ಟದ ದಿನಗಳಲ್ಲಿ ಕೈಹಿಡಿದ ಹಾಡನ್ನು ಸಾವಿರಾರು ಜನರ ದನಿಯ ಜೊತೆ ಒಮ್ಮೆ ಹಾಡಬೇಕೆಂಬ ಆಸೆಯಲ್ಲಿ ಅತಿಯಾದದ್ದೇನೂ ಇಲ್ಲ.

ಹಾಗಾಗಿ ತಂಡಗಳಲ್ಲೂ ಆಯೋಜಕರಲ್ಲೂ ನನ್ನ ಕೋರಿಕೆ ಇಷ್ಟು. ಲೆಕ್ಕ ಹೊಂದುವುದಿಲ್ಲ ಎಂದು ತಿಳಿದ ದಿನವೇ ಹೇಳಿ, ಕೊನೆಯ ವಾರದವರೆಗೆ ಟಿಕೆಟ್ ಮಾರುತ್ತಾ ಕೂರಬೇಡಿ. ಹಣವೇ ಕಾರಣವಾದರೆ ಹಣ ಎಂದೇ ಹೇಳಿ. ಬುಕಿಂಗ್ ಶುಲ್ಕವನ್ನೂ ಹಿಂದಿರುಗಿಸಿ. ಮುಂದೆ ಆ ಊರಿಗೆ ಬಂದಾಗ, ಈ ಸಲ ನಿರಾಶರಾದವರಿಗೆ ಮೊದಲು ಟಿಕೆಟ್ ಕೊಡಿ. ಯಾರು ಯಾರು ಕೊಂಡಿದ್ದರು ಎಂಬ ಪಟ್ಟಿ ಮಾರಿದವರ ಬಳಿ ಇದ್ದೇ ಇರುತ್ತದೆ.

ನಮಸ್ಕಾರ.