ಗ್ಲಾಸು ಎದುರಿಗೆ ಬರುವ ಮೊದಲೇ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ವಾರದ ಕೊನೆಗೆ ಗೆಳೆಯರ ಜೊತೆ ಕುಡಿಯಲು ಕೂರುವ ಹುಡುಗ ಹುಡುಗಿಯರ ಹತ್ತಿರ. ನಿಮ್ಮನ್ನು ಬೈಯುವುದಕ್ಕೆ ಬಂದಿಲ್ಲ. ಬೈಗುಳ ಮನೆಯಲ್ಲಿ ಸಾಕಷ್ಟು ಸಿಕ್ಕಿರುತ್ತದೆ. "ಎರಡೇ ಪೆಗ್ ಅಂತ ಹೋದೆ, ಕೊನೆಗೆ ಎಷ್ಟಾಯಿತೋ ಗೊತ್ತಾಗಲೇ ಇಲ್ಲ" ಅಂತ ಭಾನುವಾರ ಬೆಳಿಗ್ಗೆ ತಲೆ ಹಿಡಿದುಕೊಂಡು ಹೇಳುತ್ತೀರಲ್ಲ, ಅದರ ಬಗ್ಗೆ ಮಾತಾಡೋಣ.

ಹಾಗಾದಾಗ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? "ಅವನಿಗೆ ಮನಸ್ಸು ಗಟ್ಟಿಯಿಲ್ಲ" ಅನ್ನುತ್ತೇವೆ. ಆ ಹುಡುಗನೂ ಅದನ್ನೇ ನಂಬುತ್ತಾನೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹಿಡಿತ ಅನ್ನುವುದು ಕೆಲವರಿಗೆ ಹುಟ್ಟಿನಿಂದ ಬಂದು, ಕೆಲವರಿಗೆ ಬಾರದೇ ಹೋಗುವ ಗುಣ ಅಲ್ಲ. ಅದನ್ನು ಕಲಿಯಬಹುದು. ಆದರೆ ಎಲ್ಲಿ ಕಲಿಯಬೇಕು, ಯಾವ ಹೊತ್ತಿನಲ್ಲಿ ಕಲಿಯಬೇಕು ಅನ್ನುವುದು ಮುಖ್ಯ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಪ್ರಸ್ತಾಪ 2023ರಲ್ಲಿ ಬಂದಿತ್ತು. ಜನ ವಿರೋಧಿಸಿದರು, ಸರ್ಕಾರ ಅದನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು. ಮಿದುಳಿನ ಮುಂಭಾಗ, ಅಂದರೆ "ಸ್ವಲ್ಪ ತಡಿ, ನಾಳೆ ಏನಾಗುತ್ತೆ ನೋಡು" ಅಂತ ನಮಗೆ ಹೇಳುವ ಭಾಗ, ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಮದ್ಯ ಒಳಗೆ ಹೋದಾಗ ಬೇಗ ಮಂಕಾಗುವುದೂ ಅದೇ ಭಾಗ.

ಈಗ ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಕ್ಕೆ ಹೋಗೋಣ. ಅಲ್ಲಿ ಕಟ್ರೈನ್ ಹೌಬೆನ್ ಎಂಬ ಸಂಶೋಧಕಿ ಮತ್ತು ಅವರ ಜೊತೆಯವರು ಜಾಸ್ತಿ ಕುಡಿಯುವ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದೊಂದಾಗಿ ಚಿತ್ರ ಬರುತ್ತದೆ. ಒಮ್ಮೆ ಬಿಯರ್, ಒಮ್ಮೆ ನೀರು. ಒಂದು ಗುರುತು ಕಂಡರೆ ಕೂಡಲೇ ಗುಂಡಿ ಒತ್ತಬೇಕು, ಇನ್ನೊಂದು ಗುರುತು ಕಂಡರೆ ಒತ್ತಬಾರದು. ಒಂದು ಗುಂಪಿಗೆ ಬಿಯರ್ ಚಿತ್ರ ಬಂದಾಗಲೆಲ್ಲ "ಒತ್ತಬೇಡ" ಅನ್ನುವ ಗುರುತೇ ಬರುತ್ತಿತ್ತು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಗುಂಪಿನ ವಿದ್ಯಾರ್ಥಿಗಳು ಮುಂದಿನ ವಾರ ಕುಡಿದದ್ದು ಕಡಿಮೆಯಾಗಿತ್ತು.

ಅವರ ಹಿಡಿತ ಗಟ್ಟಿಯಾಯಿತು, ಅದಕ್ಕೇ ಕಡಿಮೆ ಕುಡಿದರು ಅಂತ ಅನ್ನಿಸುತ್ತದೆ ಅಲ್ವಾ? ಅದೇ ತಂಡ ಮರುವರ್ಷ ಇನ್ನೂ ಒಳಹೊಕ್ಕು ನೋಡಿತು. ಹಿಡಿತದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬದಲಾಗಿದ್ದು ಬಿಯರ್ ಮೇಲಿನ ಒಲವು. ಕೈ ತಡೆದು ತಡೆದು, ಆ ಗ್ಲಾಸಿನ ಸೆಳೆತವೇ ಕಡಿಮೆಯಾಗಿತ್ತು.

ಜರ್ಮನಿಯ ಒಂದು ಚಿಕಿತ್ಸಾ ಕೇಂದ್ರದಲ್ಲೂ ಇಂಥದೇ ಕೆಲಸ ನಡೆಯಿತು. ಮದ್ಯಕ್ಕೆ ಅಂಟಿಕೊಂಡು ಚಿಕಿತ್ಸೆಗೆ ಬಂದಿದ್ದ 214 ಮಂದಿಯಲ್ಲಿ ಒಂದಷ್ಟು ಜನ, ಜಾಯ್‌ಸ್ಟಿಕ್ ಹಿಡಿದು ಬಾಟಲಿಯ ಚಿತ್ರಗಳನ್ನು ದೂರ ತಳ್ಳುವ ಅಭ್ಯಾಸ ಮಾಡಿದರು. ವರ್ಷದ ನಂತರ ನೋಡಿದಾಗ, ಮತ್ತೆ ಕುಡಿತಕ್ಕೆ ಜಾರಿದವರು ಅವರಲ್ಲಿ ಕಡಿಮೆ. ಆದರೆ ಅವರು ಪೂರ್ತಿ ಬಿಡಬೇಕು ಅಂತ ತೀರ್ಮಾನಿಸಿ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದವರು. ನಿಮ್ಮ ಸಂಗತಿ ಬೇರೆ.

ಹಾಗಾದರೆ ಎಲ್ಲರೂ ಮೊಬೈಲಿನಲ್ಲಿ ಇಂಥ ಆಟ ಆಡಿದರೆ ಸಾಕಾ? ಬ್ರಿಟನ್ನಿನಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕಡಿಮೆ ಮಾಡಬೇಕು ಅಂತ ಬಯಸಿದ್ದ 246 ಮಂದಿ ಮನೆಯಲ್ಲೇ ಕೂತು ಕೆಲವು ವಾರ ಇಂಟರ್ನೆಟ್ಟಿನಲ್ಲಿ ಅಭ್ಯಾಸ ಮಾಡಿದರು. ಕೆಲವರಿಗೆ ನಿಜವಾದ ತರಬೇತಿ, ಕೆಲವರಿಗೆ ಸುಮ್ನೆ ತೋರಿಕೆಯದು. 2018ರಲ್ಲಿ ಫಲಿತಾಂಶ ಬಂತು. ಎಲ್ಲ ಗುಂಪುಗಳೂ ಕುಡಿತ ಕಡಿಮೆ ಮಾಡಿದ್ದವು. ತೋರಿಕೆಯ ತರಬೇತಿ ಪಡೆದವರೂ ಅಷ್ಟೇ ಕಡಿಮೆ ಮಾಡಿದ್ದರು!

ಇದನ್ನು ಸೋಲು ಅಂತ ನಾನು ಓದುವುದಿಲ್ಲ. ಆ ಎಲ್ಲರಲ್ಲೂ ಸಮನಾಗಿದ್ದದ್ದು ಏನು ನೋಡಿ. ಕಡಿಮೆ ಮಾಡಬೇಕು ಅನ್ನುವ ಆಸೆ ಅವರದೇ ಆಗಿತ್ತು. ಎಷ್ಟು ಕುಡಿದೆವು ಅಂತ ಲೆಕ್ಕ ಇಡುತ್ತಿದ್ದರು. ಗುಂಡಿ ಒತ್ತುವ ಆಟಕ್ಕಿಂತ ಆ ಲೆಕ್ಕವೇ ಹೆಚ್ಚು ಕೆಲಸ ಮಾಡಿರಬೇಕು ಅಂತ ನನ್ನ ನಂಬಿಕೆ.

ಆದ್ದರಿಂದ ಲೆಕ್ಕದಿಂದಲೇ ಶುರು ಮಾಡೋಣ. ನಮ್ಮಲ್ಲಿ ಕುಡಿತದ ಲೆಕ್ಕ ಬಾಟಲಿಯಲ್ಲಿ ನಡೆಯುತ್ತದೆ. ಒಂದು ಬಿಯರ್, ಒಂದು ನೈಂಟಿ, ಒಂದು ಕ್ವಾರ್ಟರ್. ವೈದ್ಯರ ಲೆಕ್ಕ ಬೇರೆ. 10 ಗ್ರಾಂ ಆಲ್ಕೋಹಾಲಿಗೆ ಒಂದು ಅಳತೆ. 30 ಮಿಲಿ ವಿಸ್ಕಿಯೋ ರಮ್ಮೋ ಕುಡಿದರೆ ಹೆಚ್ಚುಕಡಿಮೆ ಒಂದು ಅಳತೆ ಆಯಿತು. 180 ಮಿಲಿಯ ಕ್ವಾರ್ಟರ್ ಅಂದರೆ ಆರು. "ಬರೀ ಬಿಯರ್ ಕಣೋ" ಅನ್ನುತ್ತೇವಲ್ಲ, ಶೇಕಡಾ 8ರ ಸ್ಟ್ರಾಂಗ್ ಬಿಯರ್ ಆದರೆ 650 ಮಿಲಿಯ ಒಂದು ಬಾಟಲಿಯಲ್ಲಿ ನಾಲ್ಕು ಅಳತೆ ಇದೆ. ಎರಡು ಬಾಟಲಿ ಬಿಯರ್ ಕುಡಿದವನು ಕ್ವಾರ್ಟರ್‌ಗಿಂತ ಜಾಸ್ತಿ ಕುಡಿದಿರುತ್ತಾನೆ. ಪಿಜಿ ರೂಮಿನಲ್ಲಿ ಸ್ಟೀಲ್ ಲೋಟಕ್ಕೆ ಅಂದಾಜಿನಲ್ಲಿ ಸುರಿದುಕೊಂಡರಂತೂ ಲೆಕ್ಕವೇ ಸಿಗುವುದಿಲ್ಲ.

ಲಿವರ್ ಒಂದು ಅಳತೆಯನ್ನು ಕರಗಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಫಿ, ನಿಂಬೆ ರಸ, ತಣ್ಣೀರು ಸ್ನಾನ, ಯಾವುದೂ ಅದನ್ನು ಬೇಗ ಮಾಡಿಸುವುದಿಲ್ಲ. ರಾತ್ರಿ ಹತ್ತೂವರೆಗೆ ಎರಡು ಸ್ಟ್ರಾಂಗ್ ಬಿಯರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಜಾವಕ್ಕೂ ಮದ್ಯ ಇರುತ್ತದೆ. ಬೈಕ್ ಕೀ ತೆಗೆದುಕೊಳ್ಳುವ ಮುಂಚೆ ಇದು ನೆನಪಿರಲಿ.

ಒಂದು ತಿಂಗಳು ಬರೆದು ನೋಡಿ. ಮೊಬೈಲಿನಲ್ಲೇ ಬರೆಯಿರಿ, ಪ್ರತಿ ಗ್ಲಾಸು ಮುಗಿದಾಗ, ಅಲ್ಲೇ ಕೂತು. ಮರುದಿನ ನೆನಪು ಮಾಡಿಕೊಂಡು ಬರೆದರೆ ಯಾವಾಗಲೂ ಕಡಿಮೆಯೇ ಆಗುತ್ತದೆ. ಎಷ್ಟು ಅನ್ನುವುದರ ಜೊತೆ ಯಾರ ಜೊತೆ, ಎಲ್ಲಿ, ಎಷ್ಟು ಗಂಟೆಗೆ ಅಂತಲೂ ಬರೆಯಿರಿ. ಕೆಲವೇ ವಾರದಲ್ಲಿ ನಿಮ್ಮದೇ ಒಂದು ಚಿತ್ರ ಕಾಣುತ್ತದೆ. ಸಂಬಳ ಬಂದ ಶುಕ್ರವಾರ, ಮ್ಯಾಚ್ ಇರುವ ರಾತ್ರಿ, ಯಾರೋ ಒಬ್ಬ ಗೆಳೆಯ. ಹಿಡಿತ ತಪ್ಪುವುದು ಎಲ್ಲ ದಿನವೂ ಅಲ್ಲ, ಕೆಲವು ದಿನ, ಕೆಲವು ಜಾಗದಲ್ಲಿ ಮಾತ್ರ ಅಂತ ಗೊತ್ತಾಗುತ್ತದೆ.

ಆ ಜಾಗಗಳಿಗೆ ಮೊದಲೇ ಒಂದು ತೀರ್ಮಾನ ಮಾಡಿಟ್ಟುಕೊಳ್ಳಬೇಕು. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಬಹಳ ಕಾಲದಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. "ಇನ್ನು ಮೇಲೆ ಕಡಿಮೆ ಕುಡಿಯುತ್ತೇನೆ" ಅನ್ನುವ ನಿರ್ಧಾರ ಸಾಲದು. "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಖಚಿತವಾಗಿ ಹೇಳಿಕೊಂಡಿದ್ದರೆ ಹೆಚ್ಚು ಪ್ರಯೋಜನ. "ಎರಡನೇ ಗ್ಲಾಸು ಖಾಲಿಯಾದ ಕೂಡಲೇ ಸೋಡಾ ತರಿಸುತ್ತೇನೆ." "ಹೋಗುವ ಮೊದಲೇ ಊಟ ಮಾಡುತ್ತೇನೆ." "ನನ್ನ ಗ್ಲಾಸಿಗೆ ನಾನೇ ಹಾಕಿಕೊಳ್ಳುತ್ತೇನೆ, ಅರ್ಧ ಇರುವಾಗ ಯಾರಿಗೂ ತುಂಬಿಸಲು ಬಿಡುವುದಿಲ್ಲ." ಈ ಕೊನೆಯದನ್ನು ಸಣ್ಣದು ಅಂದುಕೊಳ್ಳಬೇಡಿ. ಲೆಕ್ಕ ತಪ್ಪುವುದು ಬಹಳ ಸಲ ಅಲ್ಲೇ.

"ಒಂದೇ ಒಂದು ಹಾಕೋ ಮಗಾ, ನಮಗೋಸ್ಕರ" ಅನ್ನುವ ಗೆಳೆಯನಿಗೆ ಏನು ಹೇಳುತ್ತೀರಿ? ಅದನ್ನೂ ಮನೆಯಲ್ಲೇ, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. "ಇವತ್ತಿಗೆ ನಂದು ಮುಗೀತು ಕಣೋ, ನೀನು ಹಾಕ್ಕೋ." ಅಷ್ಟೇ ಸಾಕು. ಮಾತ್ರೆ ತಗೊಂಡಿದ್ದೀನಿ, ಅಪ್ಪ ಕಾಯ್ತಿದ್ದಾರೆ ಅಂತ ಕಾರಣ ಕೊಟ್ಟರೆ, ಆ ಕಾರಣದ ಮೇಲೆ ವಾದ ಶುರುವಾಗುತ್ತದೆ. ಇದೆಲ್ಲ ಸಂಜೆ ಆರಕ್ಕೆ, ತಲೆ ತಿಳಿಯಾಗಿರುವಾಗ ಆಗಬೇಕಾದ ಕೆಲಸ. ಮೂರನೇ ಗ್ಲಾಸಿನ ನಂತರ ತೀರ್ಮಾನ ಮಾಡೋಣ ಅಂದರೆ, ತೀರ್ಮಾನ ಮಾಡುವ ಮಿದುಳೇ ಆಗ ಮಂಕಾಗಿರುತ್ತದೆ.

ಇಷ್ಟಾದ ಮೇಲೂ ಬೇಕು ಅನ್ನಿಸುತ್ತದೆ. ಅನ್ನಿಸಲಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾಲೇಜು ಹುಡುಗರ ಕುಡಿತದ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅಲನ್ ಮಾರ್ಲಟ್, ಈ ಬಯಕೆಯನ್ನು ಸಮುದ್ರದ ಅಲೆಗೆ ಹೋಲಿಸಿದರು. ಅದು ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿಯೇ ಇಳಿಯುತ್ತದೆ. ಬಯಕೆಯ ಜೊತೆ ಗುದ್ದಾಡಬೇಡಿ. ಅದು ಮೈಯಲ್ಲಿ ಎಲ್ಲಿದೆ, ಗಂಟಲಲ್ಲೋ ಎದೆಯಲ್ಲೋ ಹೊಟ್ಟೆಯಲ್ಲೋ, ಗಮನಿಸಿ. ಉಸಿರಾಡುತ್ತಾ ನೋಡುತ್ತಿರಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ಇಳಿಯುತ್ತದೆ. ಕೆಲವು ಸಲ ಹಾಗೆ ಇಳಿದದ್ದನ್ನು ಕಂಡವರಿಗೆ ಮುಂದಿನ ಸಲ ಹೆದರಿಕೆ ಕಡಿಮೆ.

ಇಂಥ ಪಾಠ ಕೊಡಲು ದೊಡ್ಡ ಆಸ್ಪತ್ರೆಯೇ ಬೇಕಾಗಿಲ್ಲ. ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಅಪಾಯದ ಮಟ್ಟದಲ್ಲಿ ಕುಡಿಯುತ್ತಿದ್ದ 377 ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರ ಜೊತೆ ಕೂತು ಮಾತಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಭೇಟಿ. ಬೇಡ ಅನ್ನುವುದು ಹೇಗೆ, ಬಯಕೆ ಬಂದಾಗ ಏನು ಮಾಡಬೇಕು, ಕುಡಿಯುವಂತೆ ಮಾಡುವ ಚಿಂತೆಯನ್ನು ಬಗೆಹರಿಸುವುದು ಹೇಗೆ ಅಂತ ಕಲಿಸಿದರು. ಮೂರು ತಿಂಗಳ ನಂತರ ಅವರಲ್ಲಿ ಶೇಕಡಾ 36 ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು. ಈ ಮಾತುಕತೆ ಸಿಗದವರಲ್ಲಿ ಶೇಕಡಾ 26. ಎಲ್ಲರೂ ಸುಧಾರಿಸಲಿಲ್ಲ, ನಿಜ. ಆದರೂ ನಾಲ್ಕು ಮಾತುಕತೆಗೆ ಇದು ಸಣ್ಣ ಫಲ ಅಲ್ಲ.

ಒಂದು ಎಚ್ಚರಿಕೆಯ ಮಾತು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿದರೆ, ಬೆವರು ಬಂದರೆ, ಒಂದು ಗುಟುಕು ಬಿದ್ದರೆ ಮಾತ್ರ ಸರಿಹೋದರೆ, ಇದುವರೆಗೆ ಹೇಳಿದ ಯಾವುದೂ ನಿಮಗಲ್ಲ. ನೀವಾಗಿಯೇ ಒಮ್ಮೆಲೇ ಬಿಡಲು ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ವೈದ್ಯರ ಬಳಿ ಹೋಗಿ. ಔಷಧಿ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ.

ನೀವು ಯಾವ ಮಟ್ಟದಲ್ಲಿದ್ದೀರಿ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಎಂಟು ಅಂಕ ಮುಟ್ಟಿದರೆ ಎಚ್ಚರ, ಇಪ್ಪತ್ತು ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬರಿಗೆ. ಮಿಕ್ಕವರಲ್ಲಿ ಎಷ್ಟೋ ಮಂದಿ ನಾಚಿಕೆಯಿಂದಲೇ ಹೋಗಿರುವುದಿಲ್ಲ. ಅದು ನನ್ನನ್ನು ಬಹಳ ಕಾಡುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಮತ್ತೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ಯೋಚನೆ ಬೇಡ. "ಕುಡಿಯೋದು ಜಾಸ್ತಿ ಆಗ್ತಿದೆ ಅನ್ನಿಸ್ತಿದೆ, ಕಡಿಮೆ ಮಾಡಬೇಕು" ಅಂದರೆ ಸಾಕು. ಮುಂದಿನದನ್ನು ಅವರೇ ಕೇಳುತ್ತಾರೆ.

ನಮಸ್ಕಾರ.