ಮೊದಲು ಉಸಿರು, ಆಮೇಲೆ ಮೀನು

ಕೇಳುಗರಿಗೆ ನಮಸ್ಕಾರ.

ಬಾರ್ಬಡೋಸ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್. 2024ರ ಜೂನ್ 29ರಂದು ಬ್ರಿಜ್‌ಟೌನ್‌ನ ಕೆನ್ಸಿಂಗ್‌ಟನ್ ಓವಲ್‌ನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಿತು, ಆಗ ಕೋಚ್ ನಮ್ಮ ರಾಹುಲ್ ದ್ರಾವಿಡ್. ಆ ಮೈದಾನದಿಂದ ಹೆಚ್ಚು ದೂರವಿಲ್ಲದ ಬಂದರಿನಿಂದ ದಿನಾ ಬೆಳಗ್ಗೆ ಜೋಡಿ ಒಡಲಿನ ಪ್ರವಾಸಿ ದೋಣಿಗಳಾದ ಕ್ಯಾಟಮರಾನ್‌ಗಳು ಹೊರಡುತ್ತವೆ. ನಾಲ್ಕೈದು ಗಂಟೆಯ ಸುತ್ತಾಟ, ಎರಡು ಕಡೆ ಸ್ನಾರ್ಕೆಲಿಂಗ್, ಮಧ್ಯೆ ಊಟ, ವಾಪಸ್. ಸ್ನಾರ್ಕೆಲಿಂಗ್ ಅಂದರೆ ಕಣ್ಣು ಮೂಗಿಗೆ ಗಾಜಿನ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ನೀರ ಮೇಲೆ ಬೋರಲು ತೇಲುತ್ತ ಕೆಳಗಿನ ಮೀನು ನೋಡುವುದು. ಅಮೆರಿಕದಲ್ಲಿ ಮಗನೋ ಮಗಳೋ ಇರುವ ಎಷ್ಟೋ ಮನೆಗಳಲ್ಲಿ ಈಗ ಅಪ್ಪ ಅಮ್ಮನನ್ನು ಕ್ರೂಸ್ ಹಡಗಿನಲ್ಲಿ ಕೆರಿಬಿಯನ್‌ಗೆ ಕರೆದುಕೊಂಡು ಹೋಗುವ ರೂಢಿ ಬಂದಿದೆ. ಈ ಮಾತು ಮುಖ್ಯವಾಗಿ ಆ ಅಪ್ಪ ಅಮ್ಮಂದಿರಿಗೆ. ಈಜು ಬಾರದವರಿಗೆ. ಟಿಕೆಟ್ ಬುಕ್ ಆಗಿದೆ, ಎದೆಯಲ್ಲಿ ಸಣ್ಣ ಅಳುಕಿದೆ ಅನ್ನುವವರಿಗೆ.

ಹೇಳಬೇಕಾದ್ದು ಒಂದೇ. ಮೊದಲು ಉಸಿರು, ಆಮೇಲೆ ಮೀನು. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ಮೊದಲಿಗೆ ಜಾಗದ ವಿಷಯ. ಬಾರ್ಬಡೋಸ್ ಕೆರಿಬಿಯನ್ ದ್ವೀಪಗಳಲ್ಲಿ ಎಲ್ಲಕ್ಕಿಂತ ಪೂರ್ವಕ್ಕಿರುವುದು. ವಾಣಿಜ್ಯ ಮಾರುತಗಳು ವರ್ಷವಿಡೀ ಪೂರ್ವದಿಂದ ಬೀಸುತ್ತವೆ. ಅದಕ್ಕೇ ಬಾತ್‌ಶೀಬಾ ಇರುವ ಪೂರ್ವ ದಡದಲ್ಲಿ ಅಟ್ಲಾಂಟಿಕ್‌ನ ಅಲೆ ಬಂಡೆಗೆ ಅಪ್ಪಳಿಸುತ್ತಿರುತ್ತದೆ, ಗಾಳಿಗೆ ಮರೆಯಾದ ಪಶ್ಚಿಮ ದಡ ಮಾತ್ರ ಶಾಂತವಾಗಿರುತ್ತದೆ. ಕ್ಯಾಟಮರಾನ್‌ಗಳೆಲ್ಲ ಓಡಾಡುವುದು ಈ ಪಶ್ಚಿಮ ದಡದಲ್ಲೇ. ಇನ್ನೊಂದು ಅನುಕೂಲವೂ ಇದೆ. ದ್ವೀಪದ ಬಹುಪಾಲು ನೆಲ ಹವಳದ ಸುಣ್ಣಕಲ್ಲು. ಬಿದ್ದ ಮಳೆ ಅದರೊಳಗೆ ಇಂಗಿಹೋಗುತ್ತದೆ, ಕೆಸರು ಹೊತ್ತು ತರುವ ದೊಡ್ಡ ನದಿಗಳೇ ಇಲ್ಲ. ಹೀಗಾಗಿ ನೀರು ತಿಳಿ. ಚಳಿಗಾಲದಲ್ಲಿ ಕೆಲವು ದಿನ ಉತ್ತರದಿಂದ ದೊಡ್ಡ ಅಲೆಗಳು ಬಂದು ಮರಳನ್ನು ಕದಡುತ್ತವೆ. ಅಂಥ ದಿನ ಏನೂ ಕಾಣುವುದಿಲ್ಲ. ಅದು ದೋಣಿಯವರ ತಪ್ಪಲ್ಲ, ಜಗಳಕ್ಕೆ ಹೋಗಬೇಡಿ.

ದೋಣಿಗೆ ಎರಡು ಒಡಲು, ನಡುವೆ ಅಗಲವಾದ ಅಟ್ಟ. ಅದಕ್ಕೇ ಒಂದು ಪಕ್ಕಕ್ಕೆ ವಾಲುವುದು ಕಡಿಮೆ. ಮುಂಭಾಗದಲ್ಲಿ ಎರಡು ಒಡಲಿನ ನಡುವೆ ಬಲೆ ಕಟ್ಟಿರುತ್ತಾರೆ. ಮಕ್ಕಳು ಓಡಿಹೋಗಿ ಮಲಗುವುದು ಅಲ್ಲೇ, ಬಲೆಯ ಕೆಳಗಿಂದ ನೀರು ಎರಚುತ್ತದೆ, ಫೋನು ಹಾಳಾಗುವುದೂ ಅಲ್ಲೇ. ಹೊಟ್ಟೆ ತೊಳಸುವ ಸ್ವಭಾವದವರು ಹಿಂದೆ, ನಡುಮಧ್ಯೆ ಕುಳಿತು ದೂರದ ದಿಗಂತ ನೋಡುತ್ತಿರಬೇಕು. ವಾಂತಿಯ ಮಾತ್ರೆಯನ್ನು ಹೊರಡುವ ಮುಂಚೆ, ಒಂದು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತಿರುಗಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಂತರೆ ತಾನೇ! ಹತ್ತುವಾಗ ಚಪ್ಪಲಿ, ಬೂಟು ಎಲ್ಲ ಬಿಚ್ಚಿಸಿ ಒಂದು ಬುಟ್ಟಿಗೆ ಹಾಕಿಸುತ್ತಾರೆ. ಇಳಿಯುವ ತನಕ ಬರಿಗಾಲು.

ಈಗ ಉಸಿರಿಗೆ ಬರೋಣ.

ಸ್ನಾರ್ಕೆಲ್ ಅಂದರೆ ಒಂದು ಕೊಳವೆ, ಸುಮಾರು 35ರಿಂದ 40 ಸೆಂಟಿಮೀಟರ್ ಉದ್ದ. ನೀವು ಬಿಟ್ಟ ಉಸಿರಿನ ಒಂದು ಪಾಲು ಆ ಕೊಳವೆಯಲ್ಲೇ ಉಳಿಯುತ್ತದೆ. ಮುಂದಿನ ಸಲ ಎಳೆದಾಗ ಮೊದಲು ಒಳಗೆ ಬರುವುದು ಅದೇ ಹಳಸಿದ ಗಾಳಿ. ಗಾಬರಿಯಲ್ಲಿ ಗಬಗಬ ಸಣ್ಣ ಉಸಿರು ತೆಗೆದುಕೊಂಡರೆ ಹಳಸಿದ ಗಾಳಿಯನ್ನೇ ಹಿಂದೆ ಮುಂದೆ ಆಡಿಸಿದ ಹಾಗಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಎದೆ ಬಿಗಿಯುತ್ತದೆ, ಗಾಬರಿ ಇನ್ನೂ ಏರುತ್ತದೆ. ಈಜು ಬಾರದವರು ಕಂಗಾಲಾಗುವುದು ಬಹುಪಾಲು ಹೀಗೆ, ಮುಳುಗಿ ಅಲ್ಲ. ಆದ್ದರಿಂದ ನಿಧಾನವಾಗಿ ಎಳೆಯಿರಿ, ಅದಕ್ಕಿಂತ ನಿಧಾನವಾಗಿ, ಪೂರ್ತಿಯಾಗಿ ಬಿಡಿ. ಬಾಯಿಂದಲೇ. ಮೂಗು ಮಾಸ್ಕಿನೊಳಗೆ ಮುಚ್ಚಿರುತ್ತದೆ, ಅದಕ್ಕೆ ಕೆಲಸವಿಲ್ಲ. ಮೂಗಿನಿಂದ ಬಿಟ್ಟರೆ ಗಾಜಿಗೆ ಮಂಜು ಕಟ್ಟುತ್ತದೆ, ಮಾಸ್ಕ್ ಸಡಿಲವಾಗುತ್ತದೆ. ಕೊಳವೆಗೆ ನೀರು ನುಗ್ಗಿದರೆ ತಲೆ ಎತ್ತಬೇಡಿ, ಒಂದೇ ಸಲ ಜೋರಾಗಿ ಊದಿ. ನೀರು ಮೇಲಿನ ತುದಿಯಿಂದ ಹಾರಿಹೋಗುತ್ತದೆ. ಅದಾದ ಮೇಲಿನ ಮೊದಲ ಉಸಿರನ್ನು ಹುಷಾರಾಗಿ, ಸ್ವಲ್ಪವೇ ಎಳೆಯಿರಿ.

ಇದನ್ನೆಲ್ಲ ಕಲಿಯುವ ಜಾಗ ಸಮುದ್ರವಲ್ಲ. ಮನೆಯಲ್ಲೋ ಹೋಟೆಲಿನಲ್ಲೋ ಬಕೆಟ್ ತುಂಬ ನೀರಿಡಿ, ಮಾಸ್ಕ್ ಹಾಕಿ, ಸ್ನಾರ್ಕೆಲ್ ಕಚ್ಚಿ, ಮುಖ ಅದ್ದಿ ಐದು ನಿಮಿಷ ಉಸಿರಾಡಿ. ಕ್ರೂಸ್ ಹಡಗಿನ ಈಜುಕೊಳಗಳಲ್ಲಿ ಸ್ನಾರ್ಕೆಲ್‌ಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಬಕೆಟ್ಟೇ ಗತಿ. ನಗುವವರು ನಗಲಿ. ಮೊದಲು ಉಸಿರು, ಆಮೇಲೆ ಮೀನು.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ತಿಪಟೂರು ಕಡೆಯ ಒಬ್ಬ ಯಜಮಾನರು ಅಂತಿಟ್ಟುಕೊಳ್ಳಿ. ನಿವೃತ್ತ ಮೇಷ್ಟ್ರು, ದಟ್ಟವಾದ ಮೀಸೆ. ನ್ಯೂಜೆರ್ಸಿಯ ಮಗನ ಜೊತೆ ಬಂದವರು. ದೋಣಿ ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿಯಲ್ಲಿ ನಿಂತಿದೆ. ಎಲ್ಲರೂ ನೀರಿಗಿಳಿದಿದ್ದಾರೆ. ಮೇಷ್ಟ್ರು ಹಿಂದಿನ ಮೆಟ್ಟಿಲ ಮೇಲೆ ಕುಳಿತು ಮುಖ ಅದ್ದುತ್ತಾರೆ, ಎತ್ತುತ್ತಾರೆ.

"ಲೋ, ಇದರೊಳಗೆ ನೀರು ಬರ್ತಿದೆ ಕಣೋ."

"ಬೆಲ್ಟ್ ಬಿಗಿ ಮಾಡ್ಕೊಳಪ್ಪ."

ಬಿಗಿ ಮಾಡಿಕೊಂಡರು. ಇನ್ನೂ ಹೆಚ್ಚು ನೀರು. ಮಗ ಬಂದು ತಾನೇ ಎಳೆದು ಬಿಗಿದ. ಮೇಷ್ಟ್ರ ಕೆನ್ನೆಯ ಮೇಲೆ ಕೆಂಪು ಬರೆ ಮೂಡಿತು, ನೀರು ಕಣ್ಣಿನ ತನಕ ಬಂತು. "ನಂಗೆ ಆಗಲ್ಲ ಬಿಡೋ, ನೀವು ನೋಡ್ಕೊಂಡು ಬನ್ನಿ" ಅಂದು ಮಾಸ್ಕ್ ಬಿಚ್ಚಿಟ್ಟರು. ಇಷ್ಟು ದೂರ ಬಂದವರು, ಮೆಟ್ಟಿಲಿಂದಲೇ ವಾಪಸ್!

ದೋಣಿಯ ಹುಡುಗನೊಬ್ಬ ನೋಡಿದ. ಬಂದವನು ಬೆಲ್ಟನ್ನು ಮೊದಲು ಸಡಿಲ ಮಾಡಿದ. ಮೇಷ್ಟ್ರ ಮೀಸೆಯನ್ನು ತೋರಿಸಿ ನಕ್ಕ. ಸಿಲಿಕೋನ್ ಗ್ರೀಸಿನ ಸಣ್ಣ ಡಬ್ಬಿ ತಂದು, ಬೆರಳ ತುದಿಯಲ್ಲಿ ತೆಗೆದು, ಮೂಗಿನ ಕೆಳಗೆ ಮೀಸೆಯ ಮೇಲಂಚಿಗೆ ಮೆತ್ತಿದ. ಮಾಸ್ಕಿನ ಅಂಚು ಕೂತುಕೊಳ್ಳುವ ಆ ಒಂದು ಗೆರೆಗೆ ಅಷ್ಟೇ. ಮತ್ತೆ ಮಾಸ್ಕ್ ಹಾಕಿ, ಬೆಲ್ಟನ್ನು ತಲೆಯ ಹಿಂಭಾಗದ ಉಬ್ಬಿನ ಮೇಲೆ ಏರಿಸಿದ. ಮೇಷ್ಟ್ರು ಮುಖ ಅದ್ದಿದರು. ಒಂದು ನಿಮಿಷ ಎತ್ತಲಿಲ್ಲ. ಎರಡು ನಿಮಿಷ ಎತ್ತಲಿಲ್ಲ. ಮಗನಿಗೇ ಗಾಬರಿ.

ಕಾರಣ ಸರಳ. ಮಾಸ್ಕಿನ ಸುತ್ತ ಮೆತ್ತನೆಯ ಸಿಲಿಕೋನ್ ಅಂಚಿರುತ್ತದೆ, ನೀರು ತಡೆಯುವುದು ಅದು. ಮೀಸೆಯ ಕೂದಲು ಆ ಅಂಚಿನ ಅಡಿಗೆ ಸಿಕ್ಕಿಕೊಂಡು ಬತ್ತಿಯ ಹಾಗೆ ನೀರನ್ನು ಒಳಗೆಳೆಯುತ್ತದೆ. ಬೆಲ್ಟ್ ಬಿಗಿದಷ್ಟೂ ಅಂಚು ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಹೆಂಗಸರಲ್ಲಿ ಇದೇ ಕೆಲಸವನ್ನು ಹಣೆಯ ಮೇಲಿನ ಮುಂಗೂದಲು ಮಾಡುತ್ತದೆ. ಒಂದೇ ಒಂದು ಎಳೆ ಸಾಕು. ಆದ್ದರಿಂದ ಕೂದಲನ್ನು ಪೂರ್ತಿ ಹಿಂದಕ್ಕೆ ಒತ್ತಿ, ಆಮೇಲೆ ಮಾಸ್ಕ್. ಮೀಸೆಯಿರುವವರು ಮೂಗಿನ ಕೆಳಗೆ ತೆಳ್ಳಗೆ ಒಂದು ಗೆರೆ ಬೋಳಿಸಿಕೊಂಡರೆ ಇನ್ನೂ ಒಳ್ಳೆಯದು. ಅದು ಆಗುವುದಿಲ್ಲ ಅನ್ನುವ ಸ್ವಾಭಿಮಾನಿಗಳು ಗ್ರೀಸ್ ಮೆತ್ತಿಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ದಯವಿಟ್ಟು. ಅದು ನಿಲ್ಲುವುದಿಲ್ಲ, ಹರಿದು ಗಾಜಿಗೆ ಮೆತ್ತಿ ಲೋಕವೇ ಮಸುಕಾಗುತ್ತದೆ.

ಮಾಸ್ಕ್ ಆರಿಸುವುದು ಹೇಗೆ? ಬೆಲ್ಟ್ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಗಾಳಿ ಎಳೆಯಿರಿ, ಕೈ ಬಿಡಿ. ಅಂಟಿಕೊಂಡೇ ನಿಂತರೆ ಅದು ನಿಮ್ಮದು. ಬಿದ್ದರೆ ಇನ್ನೊಂದು ಕೇಳಿ. ಸಂಕೋಚಪಟ್ಟು ಕೊಟ್ಟದ್ದನ್ನೇ ಹಾಕಿಕೊಳ್ಳುವುದು ನಮ್ಮವರ ದೊಡ್ಡ ಕಾಯಿಲೆ. ಮಂಜು ಕಟ್ಟದಿರಲು ಒಣಗಿದ ಗಾಜಿನ ಒಳಗೆ ಉಗುಳಿ, ಬೆರಳಲ್ಲಿ ಉಜ್ಜಿ, ಒಂದೇ ಸಲ ತೊಳೆಯಿರಿ. ಹೇಸಿಗೆ ಅನ್ನಿಸಿದರೆ ಮಕ್ಕಳ ಶಾಂಪೂ ಒಂದು ತೊಟ್ಟು ಹಾಕಿ ಹಾಗೇ ಮಾಡಿ. ಹೊಸದಾಗಿ ಕೊಂಡ ಮಾಸ್ಕಾದರೆ ಗಾಜಿನ ಮೇಲೆ ಸಿಲಿಕೋನಿನ ತೆಳು ಪೊರೆ ಇರುತ್ತದೆ. ಮನೆಯಲ್ಲೇ ಟೂತ್‌ಪೇಸ್ಟ್ ಹಾಕಿ ಎರಡು ಮೂರು ಸಲ ಉಜ್ಜಿ ತೊಳೆಯಬೇಕು. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೊದಲೇ ಕೇಳಿ.

ಇನ್ನು ತೇಲುವ ಜಾಕೆಟ್. ಬೇಡ ಅನ್ನಬೇಡಿ. ಸಮುದ್ರದ ಉಪ್ಪುನೀರೇ ಅರ್ಧ ಹೊರುತ್ತದೆ, ಉಳಿದದ್ದನ್ನು ಜಾಕೆಟ್ ಹೊರುತ್ತದೆ. ಬಾಯಿಂದ ಊದುವ ಜಾಕೆಟ್ ಕೊಟ್ಟರೆ ಅರ್ಧದಷ್ಟೇ ಊದಿ. ಪೂರ್ತಿ ಊದಿದರೆ ಅದು ಎದೆಯನ್ನು ಮೇಲೆತ್ತಿ ನಿಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ, ಕಾಲು ಕೆಳಗಿಳಿಯುತ್ತದೆ, ಕತ್ತು ಹಿಚುಕುತ್ತದೆ. ಬೋರಲು ಮಲಗಬೇಕು, ಕಾಲು ನಿಮ್ಮ ಹಿಂದೆ ಚಾಚಿರಬೇಕು. ಫಿನ್ಸ್, ಅಂದರೆ ಪಾದಕ್ಕೆ ಹಾಕುವ ಈಜುರೆಕ್ಕೆ, ಹಾಕಿಕೊಂಡು ದೋಣಿಯ ಮೇಲೆ ನಡೆಯಬೇಡಿ, ಕೊನೆಯ ಮೆಟ್ಟಿಲಲ್ಲಿ ಕುಳಿತು ಪಾದ ಒದ್ದೆ ಮಾಡಿಕೊಂಡು ಹಾಕಿಕೊಳ್ಳಿ. ತೊಡೆಯಿಂದ ಒದೆಯಿರಿ, ನಿಧಾನಕ್ಕೆ. ಮೀನು ನೋಡಲು ಅರ್ಧ ಒದೆತವೂ ಬೇಕಿಲ್ಲ, ಸುಮ್ಮನೆ ತೇಲುವವರ ಹತ್ತಿರಕ್ಕೇ ಅವು ಬರುತ್ತವೆ. ಹೃದಯದ ತೊಂದರೆ ಇರುವವರು ಬಲೆಯ ಮೇಲೆ ಕುಳಿತು ಗಾಳಿ ಕುಡಿಯಿರಿ, ನೀರಿಗೆ ಬೇಡ.

ಬಟ್ಟೆ. ಬೋರಲು ಮಲಗುವುದರಿಂದ ಸುಡುವುದು ಮುಖವಲ್ಲ, ಕತ್ತಿನ ಹಿಂಭಾಗ ಮತ್ತು ಮೊಣಕಾಲಿನ ಹಿಂಭಾಗ. ತುಂಬುತೋಳಿನ ಲೈಕ್ರಾ ಅಂಗಿ, ಉದ್ದನೆಯ ಲೆಗ್ಗಿಂಗ್ಸ್ ಹಾಕಿದರೆ ಆಯಿತು, ಬಿಸಿಲಿಗೆ ಹಚ್ಚುವ ಕ್ರೀಮ್ ಉಳಿಯುತ್ತದೆ, ಆ ಕ್ರೀಮ್ ನೀರಿಗೆ ಕರಗಿ ಕೆಡಿಸುವ ಹವಳವೂ ಉಳಿಯುತ್ತದೆ. ಹತ್ತಿಯ ಚೂಡಿದಾರ ಬೇಡವೇ ಬೇಡ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತುತ್ತದೆ. ಮಿಲಿಟರಿ ಬಣ್ಣದ ಮಚ್ಚೆ ಮಚ್ಚೆ ಬಟ್ಟೆ ಬಾರ್ಬಡೋಸ್‌ನಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳ ಚಡ್ಡಿಯಾದರೂ ಸರಿ, ಹಡಗಿನಲ್ಲೇ ಬಿಟ್ಟು ಬನ್ನಿ.

ಅಯ್ಯೋ, ಮೀಸೆಯಲ್ಲೇ ಹೊತ್ತು ಹೋಯಿತು. ನೀರೊಳಗಿನ ಮಾತು ಬೇಗ ಹೇಳಿಬಿಡುತ್ತೇನೆ.

ಕಾರ್ಲೈಲ್ ಕೊಲ್ಲಿಯಲ್ಲಿ ಮುಳುಗಿದ ಹಡಗುಗಳಿವೆ. ಹಳೆಯದು ಬರ್ವಿನ್, 1919ರಲ್ಲಿ ಮುಳುಗಿದ ಫ್ರೆಂಚ್ ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ದೋಣಿ. ಅದರ ನಾವಿಕರೇ ಮುಳುಗಿಸಿದರು ಅಂತ ಅಲ್ಲಿಯವರು ಹೇಳುತ್ತಾರೆ. ಮೇಲಿಂದಲೇ ಪೂರ್ತಿ ಕಾಣುವಷ್ಟು ಕಡಿಮೆ ಆಳದಲ್ಲಿದೆ, ಮೈತುಂಬ ಹವಳ ಬೆಳೆದಿದೆ. ಹಳದಿ ಮೈಗೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನುಗಳು ಗುಂಪುಗುಂಪಾಗಿ ಸುತ್ತುತ್ತವೆ. ಗಿಣಿಮೀನು ಕಂಡರೆ ಕಿವಿಗೊಡಿ, ಹವಳದ ಕಲ್ಲನ್ನು ಕೆರೆಯುವ ಕಟಕಟ ಸದ್ದು ನೀರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅದು ಜಗಿದು ಹೊರಹಾಕಿದ್ದೇ ದಡದ ಬಿಳಿ ಮರಳಿನ ಒಂದು ಪಾಲು.

ಇನ್ನು ಕಡಲಾಮೆ. ಹಸಿರು ಕಡಲಾಮೆಗಳು ತಳದ ಕಡಲಹುಲ್ಲು ಮೇಯಲು ದಡದ ಹತ್ತಿರಕ್ಕೆ ಬರುತ್ತವೆ. ಮುಟ್ಟಬೇಡಿ, ಹಿಂಬಾಲಿಸಬೇಡಿ, ತಿನ್ನಿಸಬೇಡಿ. ಮುಖ್ಯವಾಗಿ ಅದರ ನೆತ್ತಿಯ ಮೇಲೆ ತೇಲಬೇಡಿ. ಅದಕ್ಕೂ ಶ್ವಾಸಕೋಶವೇ ಇರುವುದು, ಆಗಾಗ ಮೇಲೆ ಬಂದು ಉಸಿರಾಡಲೇಬೇಕು. ಮೇಲೆ ಇಪ್ಪತ್ತು ಜನ ಕ್ಯಾಮೆರಾ ಹಿಡಿದು ಚಾವಣಿ ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು? ಆಮೆಗೂ ಅದೇ ನಿಯಮ, ಮೊದಲು ಉಸಿರು. ಹವಳದ ಮೇಲೆ ನಿಲ್ಲಬೇಡಿ, ಗೈಡಿನಿಂದ ದೂರ ಹೋಗಬೇಡಿ, ಆ ಕೊಲ್ಲಿಗಳಲ್ಲಿ ಜೆಟ್ ಸ್ಕೀಗಳ ಹಾವಳಿ ಇದೆ.

ಊಟ. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆಸಿ. ಮ್ಯಾಕರೋನಿ ಪೈ, ಬಾಳೆಕಾಯಿ ಕರಿದದ್ದು ಸಿಗುತ್ತದೆ. ಅನ್ನ ಕಾಳು ಕಲಸಿದ ರೈಸ್ ಆ್ಯಂಡ್ ಪೀಸ್ ನೋಡಲು ನಮ್ಮದೇ ಅಡುಗೆ ಅನ್ನಿಸುತ್ತದೆ, ಆದರೆ ಎಷ್ಟೋ ಕಡೆ ಅದನ್ನು ಉಪ್ಪು ಹಾಕಿಟ್ಟ ಹಂದಿಮಾಂಸದ ಜೊತೆ ಬೇಯಿಸುತ್ತಾರೆ. ಕೇಳಿಯೇ ಬಡಿಸಿಕೊಳ್ಳಿ. ರಮ್ ಪಂಚ್ ಎಷ್ಟು ಬೇಕಾದರೂ ಕೊಡುತ್ತಾರೆ. ಅಲ್ಲಿಯ ಹಳೆಯ ಲೆಕ್ಕದಲ್ಲಿ ಒಂದು ಪಾಲು ನಿಂಬೆ, ಎರಡು ಪಾಲು ಸಕ್ಕರೆ ಪಾಕ, ಮೂರು ಪಾಲು ರಮ್, ನಾಲ್ಕು ಪಾಲು ನೀರು, ಮೇಲೆ ಜಾಯಿಕಾಯಿ ಪುಡಿ. ಸಿಹಿ ಕುಡಿದಷ್ಟೂ ಇಳಿಯುತ್ತದೆ. ಕೊನೆಯ ಸಲ ನೀರಿಂದ ಹತ್ತಿದ ಮೇಲೆ ಮಾತ್ರ, ಅದಕ್ಕೆ ಮೊದಲು ಒಂದು ಲೋಟವೂ ಬೇಡ.

ದಡಕ್ಕೆ ಇಳಿಸಿದರೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ ಮರದ ಕೆಳಗೆ ಕೂರಬೇಡಿ. ಅದು ಮ್ಯಾಂಚಿನೀಲ್, ಅದರಿಂದ ಒಸರುವ ಹಾಲು ವಿಷ. ಮಳೆಯಲ್ಲಿ ಅದರ ಎಲೆಯಿಂದ ತೊಟ್ಟಿಕ್ಕಿದ ನೀರು ಬಿದ್ದರೂ ಮೈ ಬೊಬ್ಬೆ ಏಳುತ್ತದೆ. ಬಿದ್ದಿರುವ ಸಣ್ಣ ಹಸಿರು ಕಾಯಿಯನ್ನು ಮಕ್ಕಳು ಬಾಯಿಗಿಡದ ಹಾಗೆ ನೋಡಿಕೊಳ್ಳಿ.

ಅಮೆರಿಕನ್ ಡಾಲರ್ ನಡೆಯುತ್ತದೆ, ಒಂದಕ್ಕೆ ಎರಡು ಬಾರ್ಬಡೋಸ್ ಡಾಲರ್. ದೋಣಿಯ ಹುಡುಗರಿಗೆ ಟಿಪ್ಸ್ ಕೊಡಲು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಕ್ರೂಸ್ ಹಡಗಿನಿಂದ ಬಂದವರು ಹಡಗಿನ ಗಡಿಯಾರವನ್ನೇ ನಂಬಿ, ದ್ವೀಪದ ಸಮಯಕ್ಕೂ ಅದಕ್ಕೂ ಕೆಲವೊಮ್ಮೆ ಒಂದು ಗಂಟೆ ವ್ಯತ್ಯಾಸವಿರುತ್ತದೆ. ಪ್ರವಾಸವನ್ನು ಸ್ವಂತವಾಗಿ ಬುಕ್ ಮಾಡಿದ್ದರೆ ಹಡಗು ನಿಮಗಾಗಿ ಕಾಯುವುದಿಲ್ಲ, ಹಾಗಾಗಿ ಹಡಗು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯುವ ದೋಣಿಯನ್ನೇ ಹಿಡಿಯಿರಿ. ಬಕೆಟ್ ಅಭ್ಯಾಸವನ್ನು ಇವತ್ತು ಸಂಜೆಯೇ ಶುರುಮಾಡಬಹುದು. ನಮಸ್ಕಾರ.